ಪಂಚಾಂಗ ನೋಡಿ ಹೊರಡುವ ಕ್ಯಾಮೆರಾ

ಕರ್ನಾಟಕದ ಕಡಲತೀರವು ಪಡುವಣಕ್ಕೆ ಮುಖಮಾಡಿದೆ ಎಂಬ ಸರಳ ಸಂಗತಿಯೇ ಅಲ್ಲಿಗೆ ಛಾಯಾಗ್ರಹಣಕ್ಕೆಂದು ಹೊರಡುವವರ ದಿನಚರಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ತಲಪಾಡಿಯಿಂದ ಮಾಜಾಳಿಯವರೆಗೆ ಸುಮಾರು 320 ಕಿಲೋಮೀಟರ್ ಚಾಚಿಕೊಂಡಿರುವ ಈ ತೀರದಲ್ಲಿ ಸೂರ್ಯನು ಘಟ್ಟಗಳ ಬೆನ್ನಿನಿಂದ ಮೂಡಿ ಕಡಲಿನಲ್ಲಿ ಮುಳುಗುತ್ತಾನೆ. ಆದುದರಿಂದ ಬೆಳಗಿನ ಬೆಳಕು ಕಡಲಿಗೆ ಎದುರಾಗಿ ನಿಂತವರ ಹಿಂದಿನಿಂದ ಬಂದು ಮುಂದಿರುವ ಹಕ್ಕಿ, ದೋಣಿ, ಅಲೆಗಳ ಮೇಲೆ ನೇರವಾಗಿ ಬೀಳುತ್ತದೆ. ಸಂಜೆಯ ಬೆಳಕು ಎದುರಿನಿಂದ ಬಂದು ಅವನ್ನೇ ಕಪ್ಪು ಆಕೃತಿಗಳನ್ನಾಗಿ ಮಾಡಿಬಿಡುತ್ತದೆ. ಬೆಳಗು ಜೀವಿಗಳದ್ದು, ಸಂಜೆ ದೃಶ್ಯದ್ದು ಎಂಬುದನ್ನು ಈ ತೀರದ ಮೊದಲ ನಿಯಮವೆನ್ನಬಹುದು. ಪ್ರವಾಸಿಗರಲ್ಲಿ ಹೆಚ್ಚಿನವರು ಸಂಜೆ ಐದರ ನಂತರವೇ ಮರಳಿಗೆ ಇಳಿಯುವುದರಿಂದ ಅವರ ಕ್ಯಾಮೆರಾಗಳಲ್ಲಿ ಸೂರ್ಯಾಸ್ತಗಳು ತುಂಬಿರುತ್ತವೆಯೇ ಹೊರತು ಕಡಲಂಚಿನ ಜೀವಲೋಕ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ.

ನಾಡಿನ ವನ್ಯಜೀವಿ ಛಾಯಾಗ್ರಹಣದ ಪರಂಪರೆ ಬೆಳೆದದ್ದೂ ಕಾಡು ಮತ್ತು ಕೆರೆಗಳ ಆಸರೆಯಲ್ಲಿಯೇ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ತೋಟದ ಸುತ್ತಲಿನ ಹಕ್ಕಿಗಳನ್ನು ಸೆರೆಹಿಡಿದ ಪೂರ್ಣಚಂದ್ರ ತೇಜಸ್ವಿ ಮೊದಲಾದವರ ಹೆಸರುಗಳೊಡನೆ ಓದುಗರ ಕಣ್ಮುಂದೆ ಬರುವುದು ಆನೆ, ಹುಲಿ, ಮಲೆನಾಡಿನ ಮರ, ಮಿಂಚುಳ್ಳಿಗಳೇ. ಕಡಲಂಚಿನ ಕೆಸರು ಮತ್ತು ಮರಳು ಅದಕ್ಕೆ ಹೋಲಿಸಿದರೆ ಬರಡಾಗಿ ತೋರಬಹುದು. ಆದರೆ ಫೆಬ್ರವರಿಯ ಕೊನೆಯಿಂದ ಏಪ್ರಿಲ್ ಅಂತ್ಯದವರೆಗಿನ ಮುಂಬೇಸಿಗೆಯಲ್ಲಿ ಅಲ್ಲಿ ನಡೆಯುವಷ್ಟು ಬದಲಾವಣೆ ಬೇರೆ ಯಾವ ಕಾಲದಲ್ಲೂ ನಡೆಯುವುದಿಲ್ಲ. ಚಳಿಗಾಲವನ್ನು ಇಲ್ಲಿ ಕಳೆಯಲು ಬಂದ ವಲಸೆ ಹಕ್ಕಿಗಳು ಉತ್ತರಕ್ಕೆ ಮರಳುವ ಮುನ್ನ ಇಲ್ಲಿಯೇ ಬಣ್ಣ ಬದಲಿಸುತ್ತವೆ. ಡಿಸೆಂಬರಿನಲ್ಲಿ ಮರಳಿನ ಬಣ್ಣಕ್ಕೇ ಬೆರೆತುಹೋಗುತ್ತಿದ್ದ, ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಸ್ಯಾಂಡ್ ಪ್ಲವರ್ ಹಕ್ಕಿಯ ಎದೆಯ ಮೇಲೆ ಇಟ್ಟಿಗೆಗೆಂಪಿನ ಪಟ್ಟಿಯೊಂದು ಮೂಡತೊಡಗುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಬಾಗುಕೊಕ್ಕಿನ ಹಕ್ಕಿಯ ಹೊಟ್ಟೆಯು ಚುಕ್ಕೆಚುಕ್ಕೆಯಾಗಿ ಕೆಂಪಾಗುತ್ತದೆ. ಮಲ್ಪೆ, ತದಡಿಗಳಂತಹ ಮೀನುಗಾರಿಕೆ ಬಂದರುಗಳಲ್ಲಿ ಹಿಂಡುಗಟ್ಟುವ ಕಂದುತಲೆಯ ಕಡಲಕ್ಕಿಗಳಿಗೆ ಹೆಸರಿಗೆ ತಕ್ಕ ಕಂದು ತಲೆ ಕಾಣಿಸುವುದು ಈ ದಿನಗಳಲ್ಲಿ. ಅದಕ್ಕೆ ಮುನ್ನ ಅವುಗಳ ತಲೆ ಬಿಳಿ, ಕಣ್ಣಿನ ಹಿಂದೊಂದು ಕಪ್ಪು ಮಚ್ಚೆಯಷ್ಟೇ. ಅರ್ಧ ಬಣ್ಣ ಬಂದ, ಇನ್ನರ್ಧ ಬರಬೇಕಿರುವ ಈ ಹಂತವನ್ನು ಹಕ್ಕಿಯ ಪುಸ್ತಕಗಳು ಸಾಮಾನ್ಯವಾಗಿ ಚಿತ್ರಿಸುವುದಿಲ್ಲವಾದ್ದರಿಂದ, ದಿನಾಂಕ ನಮೂದಿಸಿದ ಸಾಧಾರಣ ಚಿತ್ರಕ್ಕೂ ಇಲ್ಲಿ ದಾಖಲೆಯ ಬೆಲೆಯಿದೆ.

ಬೆಳಗಿನ ಹೊತ್ತು ಜೀವಿಗಳದ್ದು ಎಂಬುದಕ್ಕೆ ಬೆಳಕಿನ ಜೊತೆಗೆ ಗಾಳಿಯೂ ಕಾರಣ. ನೆಲವು ನೀರಿಗಿಂತ ಬೇಗ ಕಾಯುತ್ತದೆ, ಬೇಗ ಆರುತ್ತದೆ. ರಾತ್ರಿ ತಣ್ಣಗಾದ ನೆಲದ ಮೇಲಿನಿಂದ ಬೆಚ್ಚಗಿರುವ ಕಡಲಿನತ್ತ ಹಗುರವಾಗಿ ಬೀಸುವುದು ನೆಲಗಾಳಿ. ಹಗಲು ಕಾದ ನೆಲದ ಗಾಳಿ ಮೇಲೇರಿ, ಆ ಜಾಗವನ್ನು ತುಂಬಲು ಕಡಲಿನಿಂದ ನುಗ್ಗಿ ಬರುವುದು ಕಡಲಗಾಳಿ. ಹಕ್ಕಿಗಳು ಗಾಳಿಗೆ ಬೆನ್ನು ಕೊಟ್ಟರೆ ಗರಿಗಳು ಕೆದರುತ್ತವೆ, ಮೇಲೇರಲು ಹೆಚ್ಚು ಶ್ರಮ ಬೇಕಾಗುತ್ತದೆ. ಆದುದರಿಂದ ಅವು ಗಾಳಿಗೆ ಎದುರಾಗಿಯೇ ಕೂರುತ್ತವೆ, ಎದುರಾಗಿಯೇ ಮೇಲೇರುತ್ತವೆ. ಇದರ ಪರಿಣಾಮವೆಂದರೆ, ಮುಂಜಾನೆ ಮೂಡಣದಿಂದ ನೆಲಗಾಳಿ ಬೀಸುತ್ತಿರುವಾಗ ಮರಳಿನ ಮೇಲಿನ ಹಕ್ಕಿಗಳ ಮುಖ ನೆಲದತ್ತ, ಅಂದರೆ ಸೂರ್ಯನತ್ತಲೂ ಛಾಯಾಗ್ರಾಹಕನತ್ತಲೂ ತಿರುಗಿರುತ್ತದೆ. ಸಂಜೆ ಕಡಲಗಾಳಿ ಬಲವಾಗಿರುವಾಗ ಅವು ಮತ್ತೆ ಸೂರ್ಯನತ್ತಲೇ ತಿರುಗುತ್ತವೆಯಾದರೂ, ಆಗ ದಡದಲ್ಲಿ ನಿಂತವರಿಗೆ ಕಾಣುವುದು ಬೆನ್ನು ಮಾತ್ರ. ಇಷ್ಟು ತಿಳಿದವರು ದುಬಾರಿ ಲೆನ್ಸ್ ಇಲ್ಲದೆಯೂ ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆಯಿರುವ ಚಿತ್ರವನ್ನು ಪಡೆಯಬಲ್ಲರು.

ಬೆಳಕು ಮತ್ತು ಗಾಳಿಗಿಂತಲೂ ಮುಖ್ಯವಾದುದು ನೀರು. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಪ್ರತಿ ದಿನದ ಉಬ್ಬರವು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡುವುದರಿಂದ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರಿನವರೆಗೂ ಏರುವ ಉಬ್ಬರವು ಕಾರವಾರದಲ್ಲಿ ದೊಡ್ಡ ದಿನಗಳಲ್ಲೂ ಎರಡು ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಅಳಿವೆಯ ಸಮತಟ್ಟಾದ ಕೆಸರಿನ ಮೇಲೆ ಅಷ್ಟೇ ನೀರು ಹಿಂದೆ ಸರಿದರೂ ವಿಶಾಲವಾದ ಮೇವುಗಾವಲೊಂದು ತೆರೆದುಕೊಳ್ಳುತ್ತದೆ. ಛಾಯಾಗ್ರಾಹಕರಿಗೆ ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಸಂಗತಿಯಿದೆ. ಒಂದೇ ತಿಥಿಯಂದು ಉಬ್ಬರವಿಳಿತಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ಈ ತೀರದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ದಿನ ಸುಮಾರಾಗಿ ನಡುಹಗಲಿನ ಹೊತ್ತಿಗೆ ನೀರು ತುಂಬಿರುತ್ತದೆ. ಎಂದರೆ ಮುಂಜಾವಕ್ಕೂ ಮುಸ್ಸಂಜೆಗೂ ಅದು ತಳಮುಟ್ಟಿರುತ್ತದೆ. ಅಷ್ಟಮಿಯ ದಿನ ಇದು ತಿರುವುಮುರುವು.

ಹೀಗಾಗಿ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮರುದಿನದ ಬೆಳಗು ಹಕ್ಕಿಗಳ ಚಿತ್ರಕ್ಕೆ ಅತ್ಯಂತ ಪ್ರಶಸ್ತವಾದುದು. ಸೂರ್ಯ ಘಟ್ಟದಿಂದ ಮೇಲೇಳುವ ಹೊತ್ತಿಗೆ ಕೆಸರು ಬಯಲಾಗಿದ್ದು, ಅಲ್ಲಿಂದ ಮುಂದೆ ನೀರು ನಿಧಾನವಾಗಿ ಏರುತ್ತಾ ದೂರದಲ್ಲಿ ಮೇಯುತ್ತಿರುವ ಹಕ್ಕಿಗಳನ್ನು ಹೆಜ್ಜೆಹೆಜ್ಜೆಯಾಗಿ ದಡದತ್ತ ತಳ್ಳಿಕೊಂಡು ಬರುತ್ತದೆ. ಹಕ್ಕಿಯನ್ನು ಹಿಂಬಾಲಿಸಿ ಹೋಗುವ ಅಗತ್ಯವೇ ಇಲ್ಲ. ನೀರಿನ ದಾರಿಯನ್ನು ಅಂದಾಜಿಸಿ ಮುಂಚಿತವಾಗಿ ಮಲಗಿಕೊಂಡು ಕಾದರೆ ಹಕ್ಕಿ ತಾನಾಗಿಯೇ ಹತ್ತಿರವಾಗುತ್ತದೆ. ತಿಥಿ ನೋಡಿ ಬಲೆ ಬೀಸುವ ಮೀನುಗಾರರಿಗೆ ಇದು ತಲೆಮಾರುಗಳಿಂದ ತಿಳಿದಿರುವ ಲೆಕ್ಕ. ಪಂಚಾಂಗ ಕೊಡುವುದು ಅಂದಾಜನ್ನು ಮಾತ್ರ. ದಿನದ ಎರಡು ಇಳಿತಗಳ ಆಳ ಒಂದೇ ಆಗಿರುವುದಿಲ್ಲ, ನದಿಯೊಳಗೆ ಹೋದಷ್ಟೂ ಹೊತ್ತು ತಡವಾಗುತ್ತದೆ. ಆದ್ದರಿಂದ ಭಾರತೀಯ ಸರ್ವೇಕ್ಷಣಾ ಇಲಾಖೆಯ ಉಬ್ಬರವಿಳಿತದ ಕೋಷ್ಟಕವನ್ನೋ, ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯ್ಸ್ ನೀಡುವ ಮುನ್ಸೂಚನೆಯನ್ನೋ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಈ ಎಲ್ಲವೂ ಒಂದೆಡೆ ಕೂಡಿಬರುವ ತಾಣವೆಂದರೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. ಶಿರಸಿಯ ಬಳಿ ಹುಟ್ಟಿ ಸುಮಾರು 120 ಕಿಲೋಮೀಟರ್ ಹರಿಯುವ ಈ ನದಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಘಟ್ಟದ ಮಣ್ಣು ಮತ್ತು ಎಲೆಗೊಬ್ಬರ ತಡೆಯಿಲ್ಲದೆ ಅಳಿವೆಗೆ ಬಂದು ಸೇರುವುದರಿಂದ ಅಲ್ಲಿಯ ಕೆಸರು ಜೀವಿಗಳಿಂದ ತುಂಬಿದೆ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯು 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಅಂದರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಊರಿನ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುತ್ತಿರುತ್ತಾರೆ. ಅವರಿಂದ ಸ್ವಲ್ಪವೇ ದೂರದಲ್ಲಿ ಬೆಳ್ಳಕ್ಕಿಗಳು, ಕಾಂಡ್ಲಾ ಗಿಡಗಳ ಬೇರಿನ ನಡುವೆ ಮಿಂಚುಳ್ಳಿಗಳು, ಮೇಲೆ ಗರುಡಗಳು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುವ ಗಜನಿ ಗದ್ದೆಗಳಲ್ಲಿ ಬೇಸಿಗೆಗೆ ನೀರು ನಿಂತು ಕನ್ನಡಿಯಂತಿರುತ್ತದೆ. ದುಡಿಯುತ್ತಿರುವ ಜನರನ್ನು ಚಿತ್ರಿಸುವ ಮುನ್ನ ಅವರ ಒಪ್ಪಿಗೆ ಕೇಳುವುದು ಸೌಜನ್ಯ. ಕೇಳಿದವರಿಗೆ ಎಲ್ಲಿ ಕೆಸರು ಗಟ್ಟಿ, ಎಲ್ಲಿ ಕಾಲು ಹೂತುಹೋಗುತ್ತದೆ ಎಂಬ ಮಾಹಿತಿಯೂ ಸಿಗುತ್ತದೆ, ಹೊಸಬರಿಗೆ ಅದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ.

ದೊಡ್ಡ ಜೀವಿಗಳನ್ನೇ ಅರಸುವವರ ಕಣ್ಣಿಗೆ ಬೀಳದೆ ಹೋಗುವ, ಆದರೆ ಮೊಬೈಲಿನಲ್ಲಿಯೂ ಸೊಗಸಾಗಿ ಸೆರೆಹಿಡಿಯಬಹುದಾದ ಒಂದು ದೃಶ್ಯವನ್ನು ಇಲ್ಲಿ ವಿವರವಾಗಿ ಹೇಳಬೇಕು. ನೀರು ಸರಿದ ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಮರಳಿನ ಗುಳಿಗೆಗಳು ನೂರಾರು ಸಂಖ್ಯೆಯಲ್ಲಿ, ಒಂದು ಸಣ್ಣ ತೂತಿನ ಸುತ್ತ ಕಿರಣಗಳಂತೆ ಹರಡಿರುತ್ತವೆ. ಇದು ಉಗುರಿನಷ್ಟೇ ಗಾತ್ರದ ಏಡಿಯ ಕೆಲಸ. ನೀರು ಇಳಿದೊಡನೆ ಬಿಲದಿಂದ ಹೊರಬರುವ ಆ ಏಡಿಯು ಮರಳನ್ನು ಬಾಯಿಗೆ ತುಂಬಿಕೊಂಡು, ಕಣಗಳಿಗೆ ಅಂಟಿರುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು, ಉಳಿದ ಮರಳನ್ನು ಗುಂಡಗೆ ಮಾಡಿ ಹಿಂದಕ್ಕೆ ತಳ್ಳುತ್ತಾ ಸಾಗುತ್ತದೆ. ಅಪಾಯ ಕಂಡರೆ ಬಿಲಕ್ಕೆ ಓಡಲು ಬೇಕಾದ ಒಂದು ದಾರಿಯನ್ನು ಮಾತ್ರ ಗುಳಿಗೆಗಳಿಲ್ಲದೆ ಖಾಲಿ ಬಿಟ್ಟಿರುತ್ತದೆ. ಬೆಳಗ್ಗೆ ಏಳರ ಸುಮಾರಿಗೆ ಸೂರ್ಯ ಇನ್ನೂ ತಗ್ಗಿನಲ್ಲಿರುವಾಗ ಪ್ರತಿ ಗುಳಿಗೆಗೂ ಅದರದೇ ನೆರಳು ಇರುತ್ತದೆ, ಚಿತ್ರಕ್ಕೆ ಉಬ್ಬುಶಿಲ್ಪದ ಗುಣ ಬರುತ್ತದೆ. ಒಂಬತ್ತು ಗಂಟೆಗೆ ಅದೇ ಮರಳು ಚಪ್ಪಟೆಯಾಗಿ ಕಾಣುತ್ತದೆ. ಮುಂದಿನ ಉಬ್ಬರ ಬಂದರೆ ಎಲ್ಲವೂ ಅಳಿಸಿಹೋಗುತ್ತದೆ. ಏಡಿಯನ್ನೇ ಚಿತ್ರಿಸಬೇಕೆನ್ನುವವರು ಬಿಲದಿಂದ ಎರಡು ಮೀಟರ್ ದೂರದಲ್ಲಿ ಮರಳಿಗೆ ಮೈಚಾಚಿ, ಹತ್ತು ನಿಮಿಷ ಅಲುಗಾಡದೆ ಇರಬೇಕಾಗುತ್ತದೆ.

ತಗ್ಗಿನಲ್ಲಿ ಮಲಗಿ ಚಿತ್ರಿಸುವುದು ಏಡಿಗೆ ಮಾತ್ರ ಸಲ್ಲುವ ಕ್ರಮವಲ್ಲ. ನಿಂತು ಕೆಳಗೆ ನೋಡಿ ತೆಗೆದ ಚಿತ್ರದಲ್ಲಿ ಹಕ್ಕಿಯ ಹಿಂದೆ ಕೆಲವೇ ಅಡಿ ದೂರದ ಮರಳು ಇರುತ್ತದೆ. ಕಣ್ಣಿನ ಮಟ್ಟಕ್ಕೆ ಇಳಿದಾಗ ಹಿನ್ನೆಲೆಯು ನೂರಾರು ಅಡಿ ದೂರದ ನೀರಿಗೆ ಸರಿದು ಮಸುಕಾಗುತ್ತದೆ, ಹಕ್ಕಿ ಬೇರ್ಪಟ್ಟು ನಿಲ್ಲುತ್ತದೆ. ಬಿಳಿ ಹಕ್ಕಿಗಳ ವಿಷಯದಲ್ಲಿ ಎಕ್ಸ್‌ಪೋಷರ್, ಅಂದರೆ ಸಂವೇದಕದ ಮೇಲೆ ಬೀಳುವ ಬೆಳಕಿನ ಒಟ್ಟು ಪ್ರಮಾಣ, ವಿಶೇಷ ಗಮನ ಬೇಡುತ್ತದೆ. ಕ್ಯಾಮೆರಾದ ಬೆಳಕುಮಾಪಕವು ಎದುರಿನ ಎಲ್ಲವನ್ನೂ ಸರಾಸರಿ ಬೂದು ಬಣ್ಣವೆಂದೇ ಭಾವಿಸುವುದರಿಂದ, ಕಪ್ಪು ಕೆಸರಿನ ನಡುವೆ ನಿಂತ ಬೆಳ್ಳಕ್ಕಿಯನ್ನು ಚಿತ್ರಿಸುವಾಗ ಅದು ಕೆಸರನ್ನು ಬೆಳಗಿಸಲು ಹೋಗಿ ಹಕ್ಕಿಯ ಗರಿಗಳ ಎಳೆಯನ್ನೆಲ್ಲ ಸುಣ್ಣದಂತೆ ಬಿಳಿಯಾಗಿಸುತ್ತದೆ. ಅಲ್ಲಿ ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು, ಎಂದರೆ ಅರ್ಧಕ್ಕೆ, ಇಳಿಸಬೇಕು. ಬಿಸಿಲಿಗೆ ಹೊಳೆಯುವ ಮರಳು ಚೌಕಟ್ಟಿನ ತುಂಬ ಇದ್ದರೆ ಅದೇ ಮಾಪಕ ಎಲ್ಲವನ್ನೂ ಮಂಕಾಗಿಸುತ್ತದೆ, ಅಲ್ಲಿ ಏರಿಸಬೇಕು. ನೀರಿಗೆ ಧುಮುಕುವ ರೀವ ಹಕ್ಕಿಯ ರೆಕ್ಕೆ ಸ್ಪಷ್ಟವಾಗಿ ನಿಲ್ಲಬೇಕಾದರೆ ಶಟರ್ ವೇಗವು ಸೆಕೆಂಡಿನ 1/2000 ಭಾಗದ ಸುಮಾರಿಗೆ ಇರಬೇಕು.

ಈ ಕಾಲದ ಅತಿ ದೊಡ್ಡ ತೊಡಕು ಯಾವ ಹೊಂದಾಣಿಕೆಯಿಂದಲೂ ಸರಿಹೋಗುವಂಥದ್ದಲ್ಲ. ಬಿಸಿಲೇರಿದಂತೆ ಮರಳಿನ ಮೇಲಿನ ಗಾಳಿ ಪದರಪದರವಾಗಿ ಕಾದು, ಬೆಳಕನ್ನು ಬೇರೆಬೇರೆ ದಿಕ್ಕಿಗೆ ಬಾಗಿಸುತ್ತದೆ. ದೂರದ ದೋಣಿ ಬಿಸಿಲುಗುದುರೆಯ ಮೇಲೆ ತೇಲಿದಂತೆ ತೋರುವುದು ಇದರಿಂದಲೇ. ಉದ್ದನೆಯ ಲೆನ್ಸಿನಲ್ಲಿ ದೂರದ ಹಕ್ಕಿಯನ್ನು ಚಿತ್ರಿಸುವಾಗ ಈ ನಡುಗುವ ಗಾಳಿಯನ್ನು ಹಾದು ಬರುವ ಬಿಂಬವು ಕರಗಿದಂತಾಗುತ್ತದೆ. ಲೆನ್ಸ್ ಕೆಟ್ಟಿದೆಯೆಂದು ರಿಪೇರಿಗೆ ಕೊಡುವವರೂ ಉಂಟು. ಏಪ್ರಿಲಿನಲ್ಲಿ ಒಂಬತ್ತರ ಹೊತ್ತಿಗೆ ದೂರದ ಚಿತ್ರಗಳನ್ನು ನಿಲ್ಲಿಸಿಬಿಡುವುದೇ ಸರಿ. ಆ ಹೊತ್ತಿನಿಂದ ಬೆಳಕೂ ನೆತ್ತಿಗೇರುತ್ತದೆ. ಮಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಕಾರವಾರದಲ್ಲಿ ತಿಂಗಳ ಕೊನೆಗೆ, ನಡುಹಗಲಿನ ಸೂರ್ಯನು ನೇರ ತಲೆಯ ಮೇಲೆಯೇ ಬಂದು ಲಂಬವಾಗಿ ನಿಂತ ವಸ್ತುವಿನ ನೆರಳು ಬುಡದಲ್ಲೇ ಅಡಗುವ ಶೂನ್ಯ ನೆರಳಿನ ದಿನ ಬರುತ್ತದೆ.

ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರೀಸ್ ದ್ವೀಪಗಳಿಗೆ ಮಾತ್ರ ಈ ನೆತ್ತಿಯ ಬೆಳಕು ವರವಾಗಬಲ್ಲದು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾರಸವು ತಣ್ಣಗಾಗುತ್ತಾ ಕುಗ್ಗಿ, ಕೆರೆಯ ಒಣಕೆಸರು ಬಿರಿಯುವಂತೆ ಬಿರಿದು, ಆ ಬಿರುಕುಗಳು ಆಳಕ್ಕಿಳಿದು ಉಂಟಾದ ಬಹುಭುಜ ಕಂಬಗಳು ಅಲ್ಲಿ ಸಾಲುಗಟ್ಟಿವೆ. ದೋಣಿಗಳು ಹಗಲಿನಲ್ಲಷ್ಟೇ ಓಡಾಡುವುದರಿಂದ ಅಲ್ಲಿ ಸೂರ್ಯೋದಯದ ಬೆಳಕು ಸಿಗುವುದಿಲ್ಲವೆಂದು ಕೊರಗುವವರಿದ್ದಾರೆ. ಆದರೆ ಕಂಬಗಳ ತಲೆ ಬೆಳಗಿ, ನಡುವಿನ ಸಂದುಗಳು ಕಪ್ಪಾಗುವ ನಡುಹಗಲಿನಲ್ಲಿ ಎತ್ತರದಿಂದ ಕೆಳಗೆ ನೋಡಿದರೆ ಐದು, ಆರು ಬದಿಗಳ ಆ ಜ್ಯಾಮಿತಿ ಎದ್ದು ಕಾಣುತ್ತದೆ, ಕಪ್ಪು ಬಿಳುಪಿನಲ್ಲಿ ಇನ್ನೂ ಚೆನ್ನ. ನೀರಿನ ಮೇಲ್ಮೈಯ ಹೊಳಪನ್ನು ತಡೆದು ತಳದ ಬಂಡೆಯನ್ನು ತೋರಿಸುವ ಪೋಲರೈಸರ್ ಎಂಬ ಸೋಸುಗಾಜು ಉಪಯೋಗಕ್ಕೆ ಬರುವುದೂ ಆಗಲೇ.

ಸಂಜೆಯ ದೃಶ್ಯಚಿತ್ರಣಕ್ಕೆ ಗೋಕರ್ಣದ ಸುತ್ತಲಿನ ಕಡಲಿಗೆ ಚಾಚಿದ ಗುಡ್ಡಗಳು, 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಬಂಡೆ, ಒಂದೆಡೆ ಕಡಲು ಇನ್ನೊಂದೆಡೆ ಸೌಪರ್ಣಿಕಾ ಹರಿಯುವ ಮರವಂತೆ ಮೊದಲಾದವು ಹೆಸರಾದ ತಾಣಗಳು. ಇಲ್ಲಿ ಬಳಕೆಯಾಗುವ ಎನ್‌ಡಿ ಫಿಲ್ಟರ್ ಎಂಬುದು ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಕಪ್ಪುಗಾಜು. ಆರು ಸ್ಟಾಪಿನ ಗಾಜು ಬೆಳಕನ್ನು ಅರವತ್ತನಾಲ್ಕನೇ ಒಂದು ಪಾಲಿಗೆ ಇಳಿಸುವುದರಿಂದ ಸೆಕೆಂಡಿನ 1/60 ಭಾಗದ ಶಟರ್ ವೇಗವು ಸುಮಾರು ಒಂದು ಸೆಕೆಂಡಾಗುತ್ತದೆ; ಹತ್ತು ಸ್ಟಾಪಿನದರಲ್ಲಿ ಅದು ಹದಿನೇಳು ಸೆಕೆಂಡುಗಳಷ್ಟಾಗಿ ಅಲೆಗಳೆಲ್ಲ ಮಂಜಾಗಿಬಿಡುತ್ತವೆ. ಆ ಮಂಜಿನ ಚಿತ್ರಗಳಿಗೆ ಬೇಡಿಕೆ ಹೆಚ್ಚು. ಆದರೆ ಹಾಗೆ ನಯಗೊಂಡ ಕಡಲು ಜಗತ್ತಿನ ಯಾವ ಕಡಲಾದರೂ ಆಗಬಹುದು. ಅರ್ಧದಿಂದ ಒಂದು ಸೆಕೆಂಡಿನ ಚಿತ್ರದಲ್ಲಿ ಹಿಂದೆ ಸರಿಯುವ ಅಲೆಯು ಮುರಕಲ್ಲಿನ ಸಂದುಗಳಿಂದ ಇಳಿಯುವ ದಾರಿ, ಕೆಂಪು ಕಲ್ಲಿನ ಮೇಲೆ ಬಿಳಿ ನೊರೆಯ ಎಳೆ, ಇವೆಲ್ಲ ಉಳಿದು ಅದು ಈ ತೀರದ ಕಡಲೇ ಎಂದು ಗುರುತು ಹೇಳುತ್ತದೆ.

ಬಂಡೆಯ ಅಂಚಿನಲ್ಲಿ ಟ್ರೈಪಾಡ್ ಊರುವವರು ಏಪ್ರಿಲ್, ಮೇ ತಿಂಗಳುಗಳಲ್ಲಿ ನೆನಪಿಡಬೇಕಾದ ಅಪಾಯವೊಂದಿದೆ. ದಕ್ಷಿಣದ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ನೀಳ ಅಲೆಗಳು ಹಲವು ದಿನ ಪಯಣಿಸಿ, ಇಲ್ಲಿ ಗಾಳಿಯೇ ಇಲ್ಲದಿರುವಾಗಲೂ ಒಮ್ಮೆಲೇ ದಡಕ್ಕೇರುತ್ತವೆ. ಕೇರಳದವರು ಇದನ್ನು ಕಳ್ಳನಂತೆ ಬರುವ ಕಡಲು ಎಂಬ ಅರ್ಥದಲ್ಲಿ ‘ಕಳ್ಳಕ್ಕಡಲ್’ ಎನ್ನುತ್ತಾರೆ, ವಿಜ್ಞಾನಿಗಳೂ ಅದೇ ಹೆಸರನ್ನು ಬಳಸುತ್ತಾರೆ. ಇನ್‌ಕಾಯ್ಸ್ ಎಚ್ಚರಿಕೆ ಕೊಟ್ಟ ದಿನ ಬಂಡೆಗೆ ಇಳಿಯಲೇಬಾರದು. ಉಪ್ಪಿನ ತುಂತುರು ಬಿದ್ದ ಉಪಕರಣವನ್ನು ಒಣಬಟ್ಟೆಯಿಂದ ಉಜ್ಜಿದರೆ ಹರಳುಗಳು ಗಾಜನ್ನು ಗೀರುತ್ತವೆ. ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯೇ ಬೇಕು. ಎ.ಸಿ. ಕೋಣೆಯಿಂದ ನೇರವಾಗಿ ಹೊರತಂದ ಲೆನ್ಸಿನ ಮೇಲೆ ಕರಾವಳಿಯ ಆರ್ದ್ರತೆ ಮಂಜಾಗಿ ಕೂರುವುದರಿಂದ ಅರ್ಧ ಗಂಟೆ ಚೀಲದೊಳಗೇ ಬಿಟ್ಟು ಹೊರತೆಗೆಯಬೇಕು. ಕಾರವಾರದ ದಕ್ಷಿಣದಲ್ಲಿ ನೌಕಾನೆಲೆಯಿರುವುದರಿಂದ ಅದರ ಸುತ್ತಮುತ್ತ ಚಿತ್ರ ತೆಗೆಯುವುದಕ್ಕೂ ಡ್ರೋನ್ ಹಾರಿಸುವುದಕ್ಕೂ ನಿರ್ಬಂಧವಿದೆ.

ಜೀವಿಗಳ ವಿಷಯದಲ್ಲಿ ಮುಂಬೇಸಿಗೆಯಷ್ಟು ನಾಜೂಕಾದ ಕಾಲ ಬೇರೆಯಿಲ್ಲ. ಸಾವಿರಾರು ಕಿಲೋಮೀಟರ್ ಹಾರಲಿರುವ ಹಕ್ಕಿಗಳು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವುದು ಈ ವಾರಗಳಲ್ಲಿ. ಹಾರುವ ಚಿತ್ರಕ್ಕಾಗಿ ಹಿಂಡನ್ನು ಮತ್ತೆಮತ್ತೆ ಎಬ್ಬಿಸುವವರು ಆ ಕೂಡಿಕೆಯನ್ನೇ ಕರಗಿಸುತ್ತಾರೆ. ಟಿಟ್ಟಿಭವು ಬರಿ ನೆಲದ ಮೇಲೆ ಮೊಟ್ಟೆಯಿಟ್ಟು ಸುಡುಬಿಸಿಲಿನಲ್ಲಿ ಅದಕ್ಕೆ ತನ್ನ ಮೈಯನ್ನೇ ಕೊಡೆ ಹಿಡಿಯುತ್ತದೆ, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿ ತಂದು ತಂಪು ಮಾಡುತ್ತದೆ. ಮನುಷ್ಯ ಹತ್ತಿರ ನಿಂತಷ್ಟು ಹೊತ್ತೂ ತಾಯಿ ದೂರ ಕೂಗುತ್ತಿರುತ್ತದೆ, ಮೊಟ್ಟೆ ಬೇಯುತ್ತಿರುತ್ತದೆ. ಹೊನ್ನಾವರದ ಕಾಸರಕೋಡ ಟೊಂಕದಂತಹ ತೀರಗಳಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಇಟ್ಟ ಮೊಟ್ಟೆಗಳು ಸುಮಾರು 45ರಿಂದ 60 ದಿನಗಳಲ್ಲಿ ಒಡೆಯುವುದರಿಂದ ಮುಂಬೇಸಿಗೆಯಲ್ಲಿ ಮರಿಗಳು ಮರಳಿನಿಂದ ಹೊರಬರುತ್ತವೆ. ರಾತ್ರಿಯ ಕಡಲಿನ ಮೇಲಿನ ತಿಳಿಬೆಳಕೇ ಅವಕ್ಕೆ ದಿಕ್ಕು. ಒಂದು ಫ್ಲ್ಯಾಶ್, ಒಂದು ಮೊಬೈಲ್ ಟಾರ್ಚ್ ಸಾಕು, ಮರಿ ಕಡಲಿಗೆ ಬೆನ್ನು ತಿರುಗಿಸಿ ತೆವಳತೊಡಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಜೀವಿಯನ್ನು ರಾತ್ರಿ ಚಿತ್ರಿಸದೆ ಬಿಡುವುದೇ ಸರಿಯಾದ ಛಾಯಾಗ್ರಹಣ. ಕಾಳಿ ನದಿ ಕಡಲು ಸೇರುವಲ್ಲಿ ಕಾಣಸಿಗುವ ಗೂನುಬೆನ್ನಿನ ಡಾಲ್ಫಿನ್‌ಗಳನ್ನು ದೋಣಿಯಲ್ಲಿ ಅಟ್ಟಿಸಿಕೊಂಡು ಹೋದರೆ ಸಿಗುವುದು ದೂರ ಸರಿಯುವ ಬೆನ್ನುಗಳಷ್ಟೇ. ಎಂಜಿನ್ ನಿಲ್ಲಿಸಿ ಕಾದ ದೋಣಿಯ ಬಳಿ ಅವು ತಾವಾಗಿಯೇ ಏಳುವುದುಂಟು.

ಮೇ ನಡುವಿನ ಹೊತ್ತಿಗೆ ಹಿಂಡುಗಳು ಖಾಲಿಯಾಗುತ್ತವೆ. ಕಡಲಗಾಳಿ ದಿನವಿಡೀ ಬೀಸತೊಡಗಿ, ದ್ವೀಪದ ದೋಣಿಗಳು ನಿಲ್ಲುತ್ತವೆ. ಜೂನ್ 1ರಿಂದ 61 ದಿನ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುವುದರಿಂದ ಬಂದರುಗಳು ಸ್ತಬ್ಧವಾಗುತ್ತವೆ. ಎಲ್ಲ ಹಕ್ಕಿಗಳೂ ಹೊರಟುಹೋಗಿರುವುದಿಲ್ಲ. ಹಿಂದಿನ ವರ್ಷವಷ್ಟೇ ಹುಟ್ಟಿ, ಇನ್ನೂ ಜೋಡಿಕಟ್ಟುವ ವಯಸ್ಸಿಗೆ ಬಾರದ ಸ್ಯಾಂಡ್ ಪ್ಲವರ್‌ಗಳಲ್ಲಿ ಕೆಲವು ಬಣ್ಣ ಬದಲಿಸದೆ, ಉತ್ತರಕ್ಕೆ ಹಾರದೆ ಇಲ್ಲಿಯೇ ಉಳಿದುಬಿಡುತ್ತವೆ. ಕ್ಯಾಮೆರಾಗಳೆಲ್ಲ ಚೀಲ ಸೇರಿದ ಮೇಲೆ, ಮುಂಗಾರಿನ ಕಂದು ಅಲೆಗಳ ಅಂಚಿನಲ್ಲಿ ನಾಲ್ಕು ಹೆಜ್ಜೆ ಓಡಿ, ನಿಂತು, ಮರಳನ್ನೊಮ್ಮೆ ಕುಟುಕಿ ಮತ್ತೆ ಓಡುವ ಆ ಬೂದು ಹಕ್ಕಿಗಳು ಮುಂದಿನ ಮುಂಬೇಸಿಗೆಯಲ್ಲಿ ಮೊದಲ ಸಲ ಕೆಂಪಾಗಲಿವೆ.